ಬಿಳಿ ಮನೆಯ ನೇರಕ್ಕೆ

ಫೆಬ್ರವರಿ 4

ಅಣ್ಣಾ,

ಕಾಗದ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ವರ್ಷಕ್ಕೊಂದು ಕಾರ್ಡು ಗೀಚುವುದು ಬಿಟ್ಟರೆ ನಾನು ನಿನಗೆ ಬರೆದವಳಲ್ಲ, ಅದಕ್ಕೇ ಮೊದಲೇ ಹೇಳಿದೆ. ನನಗೊಂದು ಲಂಗರು ಬೇಕು.

ನಮ್ಮ ನೀರಿನ ಪ್ರಯೋಗಾಲಯದ ದೋಣಿ ನಡೆಸುತ್ತಿದ್ದ ಮುದುಕ ಕಳೆದ ತಿಂಗಳು ನಿವೃತ್ತನಾದ. ಹೋಗುವಾಗ ಲಂಗರನ್ನೂ ಹೊತ್ತುಕೊಂಡು ಹೋದ, ಅದು ಅವನ ಸ್ವಂತದ್ದಂತೆ. ಪ್ರತಿ ಗುರುವಾರ ನದಿ ಕಡಲು ಸೇರುವ ಕಡೆ, ಅದೇ ಒಂದು ಜಾಗದಲ್ಲಿ ದೋಣಿ ನಿಲ್ಲಿಸಿ ಸೀಸೆಗಳಲ್ಲಿ ನೀರು ತುಂಬಿ ತರಬೇಕು. ಉಪ್ಪೆಷ್ಟು, ಕೆಸರೆಷ್ಟು ಎಂದು ಅಳೆಯುವುದು ನನ್ನ ಕೆಲಸ. ಇನ್ನು ಮೇಲೆ ದೋಣಿಯನ್ನೂ ನೀನೇ ನೋಡಿಕೊ ಅಂದರು ನಮ್ಮ ಮೇಲಧಿಕಾರಿ. "ನಿಮ್ಮಪ್ಪ ದೋಣಿಯೋರಲ್ವಾ? ರಕ್ತದಲ್ಲೇ ಇರುತ್ತೆ ಬಿಡಿ," ಅಂತ. ನನ್ನ ರಕ್ತದಲ್ಲಿ ಏನಿದೆ ಅಂತ ಅವರಿಗೇನು ಗೊತ್ತು.

ಲಂಗರನ್ನು ಇಲ್ಲೇ ಕೊಳ್ಳಬಹುದಿತ್ತು. ಧೈರ್ಯವಾಗಲಿಲ್ಲ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಆದರೆ ಇಪ್ಪತ್ತೇಳು ವರ್ಷದಲ್ಲಿ ನಾವಿಬ್ಬರೂ ಒಮ್ಮೆಯೂ ಬಾಯಿಬಿಟ್ಟು ಆಡಿಲ್ಲವಲ್ಲ, ಇವತ್ತು ಬರೆದುಬಿಡುತ್ತೇನೆ. ಸರಪಳಿಯನ್ನು ಲಂಗರಿಗೆ ಸೇರಿಸುವ ಕೊಂಡಿಯ ತಿರುಪು ಸಡಿಲವಾಗದ ಹಾಗೆ ತಂತಿ ಸುತ್ತುವುದು ನಮ್ಮನೆಯಲ್ಲಿ ಕಿರಿಯವರ ಕೆಲಸ. ಸಣ್ಣ ಬೆರಳು ಬೇಕು ಅಂತ ಅಪ್ಪ ಅದನ್ನು ನನಗೆ ವಹಿಸಿದ್ದ. ಎಂಟು ವರ್ಷ ನನಗೆ. ಗಾಳಿ ಎದ್ದ ಆ ದಿನ ಸರಪಳಿ ಬರಿದೇ ಮೇಲೆ ಬಂತು, ದೋಣಿ ಬಂಡೆಗೆ ಬಡಿಯಿತು, ಅಪ್ಪನ ಮಂಡಿ ಹೋಯಿತು, ಅಪ್ಪ ಮತ್ತೆ ನೀರಿಗಿಳಿಯಲಿಲ್ಲ, ನೀನೀಗ ನಡೆಸುವ ಹಗ್ಗ-ಲಂಗರಿನ ಅಂಗಡಿ ಹಾಕಿ ಕೂತ. ಹುಡುಗಿ ತಂತಿ ಸುತ್ತೋದು ಮರೆತಳು ಅಂತ ಊರೆಲ್ಲ ಆಡಿತು. ಅಪ್ಪ ಬೈಯಲಿಲ್ಲ. ಆದರೆ ಮತ್ತೆ ಯಾವತ್ತೂ ತಂತಿಯನ್ನು ನನ್ನ ಕೈಗೆ ಕೊಡಲಿಲ್ಲ.

ಸುತ್ತಿದ್ದೆನಾ, ಮರೆತಿದ್ದೆನಾ, ನನಗೆ ನಿಜವಾಗಿ ನೆನಪಿಲ್ಲ ಅಣ್ಣಾ. ಅದೇ ಕಷ್ಟ. ಇವತ್ತಿಗೂ ಮನೆಗೆ ಬೀಗ ಹಾಕಿ ಮೂರು ಸಲ ವಾಪಸು ಬಂದು ಎಳೆದು ನೋಡುತ್ತೇನೆ.

ಅಪ್ಪ ಮಾಡುತ್ತಿದ್ದ ಹಾಗೆ ಸೀಸದ ಗುಂಡಿನ ಬುಡಕ್ಕೆ ಸಾಬೂನು ಮೆತ್ತಿ ತಳಕ್ಕೆ ಬಿಟ್ಟೆ. ಅಂಟಿಕೊಂಡು ಬಂದದ್ದನ್ನು ಈ ಕಾಗದದೊಳಗೆ ಮಡಿಸಿಟ್ಟಿದ್ದೇನೆ. ನೋಡಿ, ಯಾವ ಲಂಗರು ಸರಿ ಹೇಳು. ಅಮ್ಮ ಹೇಗಿದ್ದಾಳೆ?

ನಿನ್ನ ತಂಗಿ

*

ಫೆಬ್ರವರಿ 11

ಮೊಂಡಿ,

ನಿನ್ನ ಕಾಗದ ಬಂದಾಗ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಹಗ್ಗ ಅಳೆಯುವುದನ್ನು ಅರ್ಧಕ್ಕೆ ಬಿಟ್ಟು ಓದಿದೆ. ಗಿರಾಕಿ ಗೊಣಗಿದ. ಗೊಣಗಲಿ.

ನೀನು ಕಳಿಸಿದ ಮಣ್ಣನ್ನು ಗಲ್ಲಾಪೆಟ್ಟಿಗೆಯ ಮೇಲೆ ಹರಡಿ ಉಜ್ಜಿ ನೋಡಿದೆ. ನಯವಾದ ಕೆಸರು, ಕೆಳಗೆ ಒಂಚೂರು ಮರಳು. ಇಷ್ಟು ವರ್ಷ ಲಂಗರು ಮಾರಿದವನು ಹೇಳುತ್ತಿದ್ದೇನೆ, ಕೇಳು. ಕೊಕ್ಕೆ ಲಂಗರು, ಅಂದರೆ ಎರಡು ತೋಳಿನ ಹಳೇ ಕಾಲದ್ದು, ಕಲ್ಲಿಗೆ ವಾಸಿ. ಕೆಸರಿನಲ್ಲಿ ಅದು ಬೆಣ್ಣೆಯಲ್ಲಿ ಚಾಕು ಆಡಿದಂತೆ ಜಾರಿಕೊಂಡು ಬರುತ್ತದೆ. ಚಪ್ಪಟೆ ರೆಕ್ಕೆಯದು ಮರಳಿಗೆ ಚೆನ್ನ, ಆದರೆ ನೀರಿಳಿದು ದೋಣಿ ತಿರುಗಿದರೆ ಕಿತ್ತು ಬರುತ್ತದೆ. ನಿನಗೆ ಬೇಕಾದ್ದು ನೇಗಿಲು ಲಂಗರು. ಎಳೆದಷ್ಟೂ ಒಳಗೆ ಹೂತುಕೊಳ್ಳುತ್ತದೆ. ಇದರಲ್ಲಿ ಎರಡು ಮಾತಿಲ್ಲ. ಮುಂದಿನ ವಾರ ಲಾರಿಯಲ್ಲಿ ಕಳಿಸುತ್ತೇನೆ.

ಲಂಗರಿನ ಹಿಂಬದಿಗೆ ಒಂದು ತೆಳು ಹಗ್ಗ ಕಟ್ಟಿ, ಅದರ ತುದಿಗೆ ಬೆಂಡು ಕಟ್ಟಿ ತೇಲಿಬಿಡು. ತಳದಲ್ಲಿ ಸಿಕ್ಕಿಹಾಕಿಕೊಂಡರೆ ಆ ಹಗ್ಗ ಹಿಡಿದು ಹಿಂದಿನಿಂದ ಎಳೆಯಬಹುದು. ಸೋಮಾರಿತನ ಮಾಡಬೇಡ.

ಅಮ್ಮ ಚೆನ್ನಾಗಿದ್ದಾಳೆ. ನೀನು ದೋಣಿ ನಡೆಸುತ್ತೀಯ ಅಂದೆ. "ಹುಷಾರು ಅಂತ ಬರಿ, ಅವಳಿಗೆ ಮೊದಲೇ ಮರೆವು," ಅಂದಳು. ಬೇಜಾರು ಮಾಡಿಕೊಳ್ಳಬೇಡ.

ಉಳಿದದ್ದು ಬರೆದಿಲ್ಲ. ಬರೆಯುತ್ತೇನೆ.

ಅಣ್ಣ

*

ಫೆಬ್ರವರಿ 27

ಅಣ್ಣಾ,

ಲಂಗರು ಬಂತು. ನಿನ್ನ ತಲೆ ನೆಟ್ಟಗಿದೆಯಾ?

ನೇಗಿಲು ಅಂತ ಒಂದು ಪುಟ ಭಾಷಣ ಬಿಗಿದು, ಕೊಕ್ಕೆ ಲಂಗರು ಕಳಿಸಿದ್ದೀಯ! ಅದೂ ಓಬೀರಾಯನ ಕಾಲದ್ದು. ಮೇಲೆ ದೋಸೆ ಹಿಟ್ಟಿನ ದಪ್ಪಕ್ಕೆ ಡಾಂಬರು ಬಣ್ಣ. ಅಂಗಡಿಯಲ್ಲಿ ಯಾರೂ ಕೊಳ್ಳದೆ ಬಿದ್ದಿದ್ದನ್ನು ತಂಗಿಯ ತಲೆಗೆ ಕಟ್ಟಿದೆಯೋ, ಕಟ್ಟುವಾಗ ಕೈ ತಪ್ಪಿತೋ? ಲಾರಿಯವನನ್ನು ಕೇಳಿದೆ, "ನಿಮ್ಮಣ್ಣನೇ ಕೈಯಾರೆ ಹೊತ್ಕೊಂಡು ಬಂದು ಇಟ್ಟಿದ್ದು. ಹುಷಾರು ಹುಷಾರು ಅಂತ ಹತ್ತು ಸಲ ಹೇಳಿದ್ರು," ಅಂದ. ಕಬ್ಬಿಣಕ್ಕೆ ಏನು ಹುಷಾರು?

ಇನ್ನೊಂದು. ಕೊಂಡಿಯ ತಿರುಪಿಗೆ ಸುತ್ತಿದ್ದೀಯಲ್ಲ, ಕೆಂಪು ಬಣ್ಣ ಬಳಿದ ಹಳೇ ತಾಮ್ರದ ತಂತಿ, ರೇಡಿಯೋ ಹೊಟ್ಟೆಯಿಂದ ಕಿತ್ತ ಹಾಗಿದೆ. ಅದು ಯಾವ ಸೀಮೆ ತಂತಿ? ಬೇರೆಯವರಿಗಾದರೆ ಇಂಥದ್ದು ಸುತ್ತಿ ಕಳಿಸುತ್ತಿದ್ದೆಯಾ? ಬಿಚ್ಚಿ ತೆಗೆದು, ಒಳ್ಳೆಯ ಉಕ್ಕಿನ ತಂತಿ ಸುತ್ತಿದೆ. ಸುತ್ತಿ ಮೂರು ಸಲ ಹೋಗಿ ನೋಡಿ ಬಂದೆ, ನಗಬೇಡ. ನಿನ್ನ ತಂತಿಯಲ್ಲಿ ಪ್ರಯೋಗಾಲಯದ ಪೆನ್ಸಿಲ್‌ಗಳನ್ನು ಕಟ್ಟಿಟ್ಟಿದ್ದೇನೆ.

ಅಂತೂ ಮೊನ್ನೆ ಗುರುವಾರ ದೋಣಿ ನಿಂತಿತು. ಕೆಸರಿನಲ್ಲಿ ಜಾರಲಿಲ್ಲ. ಅದೂ ಅರ್ಥವಾಗಲಿಲ್ಲ.

ತಂಗಿ

*

ಮಾರ್ಚ್ 5

ಮೊಂಡಿ,

ಕೈ ತಪ್ಪಿಲ್ಲ. ಯೋಚಿಸಿಯೇ ಕಳಿಸಿದ್ದು. ಒಳ್ಳೆಯ ಲಂಗರು ಅದು, ನಂಬು.

ತಂತಿ ಬಿಚ್ಚಿದೆ ಅಂದೆ. ಬಿಚ್ಚುವಾಗ ನೋಡಿದೆಯಾ? ನೋಡಿದರೆ ಏನಾದರೂ ಅನ್ನಿಸಿತಾ? ಲಂಗರನ್ನು ತೊಳೆದು, ತೋಳಿನ ಹತ್ತಿರ ಕೈಯಾಡಿಸಿ ನೋಡಿದೆಯಾ? ಸುಮ್ಮನೆ ಕೇಳಿದೆ.

ಆ ತಂತಿ ಬಿಸಾಡಬೇಡ.

ಅಣ್ಣ

*

ಮಾರ್ಚ್ 19

ಅಣ್ಣಾ,

ಬೈಯುವುದಿದ್ದರೆ ಒಂದೇ ಸಲ ಬೈದುಬಿಡು. ಲಂಗರು ಹೋಯಿತು.

ಮೊನ್ನೆ ಗುರುವಾರ ನೀರು ತುಂಬಿಕೊಂಡು ಹೊರಡೋಣ ಅಂತ ಎಳೆದರೆ ಬರಲೊಲ್ಲದು. ತಳದಲ್ಲಿ ಯಾವುದೋ ಹಳೇ ಸರಪಳಿಗೆ ಕೊಕ್ಕೆ ಸಿಕ್ಕಿಕೊಂಡಿರಬೇಕು. ಬೆಂಡಿನ ಹಗ್ಗ ಕಟ್ಟಿದ್ದೆ, ನನ್ನಾಣೆ ಕಟ್ಟಿದ್ದೆ. ಆದರೆ ಬೆಂಡೇ ಕಾಣಲಿಲ್ಲ. ಬೆಳಿಗ್ಗೆ ಹಾದುಹೋದ ಮರಳಿನ ದೋಣಿ ಕತ್ತರಿಸಿರಬೇಕು. ಅಥವಾ ನಾನು ಕಟ್ಟಿದ ಗಂಟು ಬಿಚ್ಚಿತೋ? ನೋಡು, ಮತ್ತೆ ಶುರುವಾಯಿತು. ಮುಂದಿನಿಂದ ಎಳೆದೆ, ಹಿಂದಿನಿಂದ ಎಳೆದೆ, ದೋಣಿಯನ್ನು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿದೆ. ನೀರು ಏರುತ್ತಿತ್ತು, ದೋಣಿಯ ಮೂತಿ ಕೆಳಗೆ ಜಗ್ಗುತ್ತಿತ್ತು. ಹೆದರಿಕೆಯಾಗಿ ಹಗ್ಗ ಕೊಯ್ದುಬಿಟ್ಟೆ.

ಅಪ್ಪ ಕಲಿಸಿದ ಹಾಗೆ ಎರಡು ನೇರ ಹಿಡಿದು ಜಾಗ ಬರೆದಿಟ್ಟಿದ್ದೇನೆ. ಒಂದು, ನೀರಿನ ಟ್ಯಾಂಕಿನ ಹಿಂದೆ ಸರಿಯಾಗಿ ಇಟ್ಟಿಗೆಯ ಹೊಗೆಗೂಡು. ಎರಡು, ಕಟ್ಟೆ ತುದಿಯ ಕಬ್ಬಿಣದ ಕಂಬದ ಹಿಂದೆ ಬಿಳಿ ಮನೆ. ಎರಡೂ ನೇರ ಕೂಡುವಲ್ಲಿ ನಿನ್ನ ಲಂಗರು ಮಲಗಿದೆ. ನಾನು ಪ್ರತಿ ವಾರ ನೀರು ತರುವ ಜಾಗವೂ ಅದೇ.

ಹೋದರೆ ಹೋಗಲಿ, ಹಳೇ ಕಬ್ಬಿಣ ತಾನೆ. ಇಲ್ಲೇ ಒಂದು ನೇಗಿಲು ಲಂಗರು ತಂದುಕೊಂಡಿದ್ದೇನೆ. ನಿನ್ನ ಮೊದಲಿನ ಭಾಷಣದ ಪ್ರಕಾರವೇ.

ತಂಗಿ

*

ಮಾರ್ಚ್ 24

ಮೊಂಡಿ,

ನೀನು ಕ್ಷೇಮವಾಗಿ ದಡ ಸೇರಿದೆಯಲ್ಲ, ಸಾಕು. ಹಗ್ಗ ಕೊಯ್ದದ್ದೇ ಸರಿ. ಲಂಗರು ಹೋಗಲಿ ಬಿಡು, ಅದರ ಹಣೆಯಲ್ಲಿ ನೀರಿನ ತಳವೇ ಬರೆದಿದೆ ಅಂತ ಕಾಣುತ್ತದೆ.

ಅಣ್ಣ

*

ಮಾರ್ಚ್ 28

ಮೊಂಡಿ,

ನಾಲ್ಕು ದಿನದ ಹಿಂದೆ ಬರೆದದ್ದನ್ನು ಹರಿದುಹಾಕು. ಲಂಗರು ಬಿಡಬೇಡ. ಹುಡುಕು.

ಯಾಕೆ ಅಂತ ಕೇಳಬೇಡ. ಕೇಳಿದರೂ ಕಾಗದದಲ್ಲಿ ಹೇಳಲು ಬರುವುದಿಲ್ಲ. ಅದಕ್ಕೇ ಕಬ್ಬಿಣ ಕಳಿಸಿದ್ದು. ಎರಡು ರಾತ್ರಿ ನಿದ್ದೆ ಬಂದಿಲ್ಲ.

ಅಂಗಡಿಯಲ್ಲಿದ್ದ ದೊಡ್ಡ ಪಾತಾಳಗರಡಿ ಕಳಿಸುತ್ತಿದ್ದೇನೆ. ಬಾವಿಗೆ ಬಿದ್ದ ಕೊಡ ಎತ್ತುವುದಲ್ಲ, ಅದರ ಅಜ್ಜ. ಉದ್ದ ಹಗ್ಗ ಕಟ್ಟಿ, ನಿನ್ನ ಎರಡು ನೇರ ಕೂಡುವ ಜಾಗದಲ್ಲಿ ತಳಕ್ಕೆ ಬಿಟ್ಟು, ಅಡ್ಡಡ್ಡ ನಿಧಾನವಾಗಿ ಎಳೆ. ನಿನ್ನ ಗುರುತು ಸರಿಯಿದ್ದರೆ ಒಂದೇ ಮಧ್ಯಾಹ್ನದ ಕೆಲಸ.

ಅಣ್ಣ

*

ಏಪ್ರಿಲ್ 16

ಅಣ್ಣಾ,

ಬಿಡು ಅಂದೆ, ಬಿಡಬೇಡ ಅಂದೆ. ನಿನ್ನ ತಲೆಯೂ ಅರ್ಥವಾಗುವುದಿಲ್ಲ, ಬುಡವೂ ಅರ್ಥವಾಗುವುದಿಲ್ಲ. ಆದರೂ ಹುಡುಕುತ್ತಿದ್ದೇನೆ, ಯಾಕೆಂದರೆ ನೀನು ನಿದ್ದೆಗೆಟ್ಟೆ ಅಂತ ಬರೆದವನಲ್ಲ.

ಐದು ಸಲ ಹೋಗಿದ್ದೇನೆ. ಸಿಕ್ಕಿದ್ದು ಇಷ್ಟು. ಹ್ಯಾಂಡಲ್ ಇಲ್ಲದ ಒಂದು ಸೈಕಲ್ಲು. ಎಡಗಾಲಿನ ಒಂದು ರಬ್ಬರ್ ಬೂಟು, ಮುಂದಿನ ಭಾನುವಾರ ಬಲಗಾಲಿನದು, ಆದರೆ ಬೇರೆ ಅಳತೆ. ಒಂದು ಕಿಟಕಿ, ಗಾಜಿನ ಸಮೇತ. ನಿನ್ನ ಲಂಗರು ಮಾತ್ರ ಇಲ್ಲ. ಟ್ಯಾಂಕಿನ ಹಿಂದೆ ಹೊಗೆಗೂಡು, ಕಂಬದ ಹಿಂದೆ ಬಿಳಿ ಮನೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅಲ್ಲೇ ಬಿಟ್ಟು ಬಂದದ್ದು. ಅಲ್ಲಿ ಇಲ್ಲ.

ಹಟ ಬಂದು ಸೀಸದ ಗುಂಡಿಗೆ ಸಾಬೂನು ಮೆತ್ತಿ ಮತ್ತೆ ಇಳಿಬಿಟ್ಟೆ. ಫೆಬ್ರವರಿಯಲ್ಲಿ ಕೆಸರು ಬಂದಿತ್ತಲ್ಲ, ಈಗ ಬೆಣಚುಕಲ್ಲು ಬಂತು! ತಳವೇ ಬದಲಾಗುತ್ತದೆಯೇ? ಇದು ಸಾಲದು ಅಂತ ನನ್ನ ನೀರಿನ ಲೆಕ್ಕವೂ ಹುಚ್ಚುಹಿಡಿದಿದೆ. ಅದೇ ಜಾಗದ ನೀರಿನಲ್ಲಿ ವಾರದಿಂದ ವಾರಕ್ಕೆ ಉಪ್ಪು ಏರುತ್ತಲೇ ಇದೆ. ಮೇಲಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಕೇಳಿದರು, "ಸೀಸೆಗಳೇನಾದ್ರೂ ಅದಲುಬದಲು ಆಗಿದ್ಯಾ? ನೆನಪು ಮಾಡ್ಕೊಂಡು ಹೇಳಿ."

ನೆನಪು ಮಾಡಿಕೊಂಡು ಹೇಳಿ. ನನಗೆ ಹೇಳುವ ಮಾತೇ ಅದು? ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಗುರುತು ತಪ್ಪಾಗಿ ಬರೆದೆನೋ, ಸೀಸೆ ಬದಲಾಯಿಸಿದೆನೋ, ಬೆಂಡಿನ ಹಗ್ಗ ಕಟ್ಟಲೇ ಇಲ್ಲವೋ. ಅಮ್ಮ ಹೇಳಿದ್ದೇ ನಿಜವಿರಬೇಕು. ನಾನು ಹುಟ್ಟಾ ಮರೆಗುಳಿ, ಮರೆತದ್ದನ್ನೂ ಮರೆಯುವವಳು. ಇನ್ನೊಂದು ತಿಂಗಳು ನೋಡಿ ದೋಣಿಯ ಕೆಲಸ ಬೇಡ ಅಂತ ಬರೆದುಕೊಡುತ್ತೇನೆ.

ತಂಗಿ

*

ಏಪ್ರಿಲ್ 22

ಮೊಂಡಿ,

ಬರೆದುಕೊಡಬೇಡ. ನಾನು ಹೇಳುತ್ತಿದ್ದೇನೆ, ನಿನ್ನ ಕೈ ತಪ್ಪಿಲ್ಲ. ಈಗಲೂ ತಪ್ಪಿಲ್ಲ, ಯಾವತ್ತೂ ತಪ್ಪಿರಲಿಲ್ಲ. ಇಷ್ಟು ಸದ್ಯಕ್ಕೆ ನಂಬು.

ತಳ ಬದಲಾಗುವುದಿಲ್ಲ. ಉಪ್ಪೂ ಸುಮ್ಮಸುಮ್ಮನೆ ಏರುವುದಿಲ್ಲ. ಹಾಗಾದರೆ ಬದಲಾಗುತ್ತಿರುವುದು ಜಾಗ. ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿನ್ನ ಎರಡೂ ಗೆರೆ ಎಳೆದು, ಅದರ ಮೇಲೆ ನಿಂತು ತಲೆ ಕೆರೆದುಕೊಂಡೆ. ಅಮ್ಮ ಕಾಫಿ ಲೋಟ ಹಿಡಿದು ಬಂದವಳು ಗೆರೆ ದಾಟದೆ ಸುತ್ತು ಹಾಕಿ ಹೋದಳು.

ಅಪ್ಪ ಹೇಳುತ್ತಿದ್ದದ್ದು ನೆನಪಿದೆಯಾ? ಗುರುತಿಗೆ ನಿಂತ ಹಡಗು ಹಿಡಿಯಬೇಡ, ಮೇಯುವ ಹಸು ಹಿಡಿಯಬೇಡ, ಒಣಗಲು ಹಾಕಿದ ಬಟ್ಟೆ ಹಿಡಿಯಬೇಡ. ಟ್ಯಾಂಕು, ಹೊಗೆಗೂಡು, ಕಂಬ, ಯಾವುದೂ ನಡೆದು ಹೋಗುವುದಿಲ್ಲ. ಮನೆಯೂ ನಡೆಯುವುದಿಲ್ಲ, ಒಪ್ಪುತ್ತೇನೆ. ಆದರೂ ಒಂದು ಸಲ ದಡಕ್ಕೆ ಹೋಗಿ ಆ ಬಿಳಿ ಮನೆಯ ಬಾಗಿಲು ತಟ್ಟಿ ಬಾ.

ಅಣ್ಣ

*

ಮೇ 6

ಅಣ್ಣಾ,

ಮನೆ ನಡೆಯುತ್ತದೆ!

ನಿನ್ನೆ ಗುರುವಾರ ನೀನು ಹೇಳಿದ ಹಾಗೆ ದಡಕ್ಕೆ ಹೋದೆ. ಬಾಗಿಲು ತಟ್ಟುವುದು ಬೇಕಾಗಲಿಲ್ಲ. ಮನೆಗೆ ಏಣಿ ಒರಗಿಸಿಕೊಂಡು ಒಬ್ಬ ಮುದುಕ ಬಣ್ಣ ಬಳಿಯುತ್ತಿದ್ದ. ಹುಬ್ಬಿಗೂ ಬಿಳಿ, ಬೀಡಿಗೂ ಬಿಳಿ. "ಈ ಮನೆ ಎಷ್ಟು ದಿನದಿಂದ ಬಿಳಿ ಇದೆ?" ಅಂತ ಕೇಳಿದೆ. ಹುಚ್ಚಿಯನ್ನು ನೋಡುವ ಹಾಗೆ ನೋಡಿದ.

"ಎಷ್ಟು ದಿನದಿಂದ ಅಂದ್ರೆ? ಸೋಮವಾರದಿಂದ. ಮುಂದಿನ ವಾರ ನೀಲಿ ಆಗುತ್ತೆ."

"ಮತ್ತೆ ಮೊದಲು?"

"ಮೊದಲು ಪಕ್ಕದ್ದು ಬಿಳಿ ಇತ್ತು. ಈಗ ಹಳದಿ ಹೊಡೆದಿದೀನಲ್ಲ, ಕಾಣಲ್ವಾ? ಏಳು ಮನೆ ಗುತ್ತಿಗೆ ನಂದು. ಮೊದಲು ಬಿಳಿ ಅಸ್ತರು, ಅದು ಒಣಗಿದ ಮೇಲೆ ಅವರವರು ಕೇಳಿದ ಬಣ್ಣ. ಎರಡು ಮನೆಗೆ ಒಟ್ಟಿಗೆ ಕೈ ಹಾಕೋ ಜಾಯಮಾನ ನಂದಲ್ಲಮ್ಮ."

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಏಳು ಮನೆ, ಒಂದೇ ಅಚ್ಚು. ಸಾಲಿನ ಎರಡೂ ತುದಿ ಮರಗಳ ಹಿಂದೆ ಮರೆಯಾಗಿ, ನೀರಿನ ಮೇಲಿಂದ ಎಣಿಸಲು ಆಗುವುದಿಲ್ಲ. ಯಾವತ್ತು ನೋಡಿದರೂ ಒಂದೇ ಒಂದು ಬಿಳಿ ಮನೆ ಕಾಣುತ್ತದೆ, ಸರಿಯಾಗಿ ಒಂದು. ನಾನು ಅದರ ಹಿಂದೆ ಹಿಂದೆ, ಸೀಸೆ ಹಿಡಿದುಕೊಂಡು, ಕಡಲಿನ ಕಡೆಗೆ ಸರಿಯುತ್ತಾ ಹೋಗಿದ್ದೇನೆ. ಉಪ್ಪು ಏರದೆ ಇನ್ನೇನು!

ಮಾರ್ಚ್ ಹದಿನೇಳರಂದು ಯಾವ ಮನೆ ಬಿಳಿ ಇತ್ತು ಅಂತ ಕೇಳಿದೆ. ತಾರೀಕು ಯಾರಿಗೆ ನೆನಪಿರುತ್ತದೆ ಅಂದ. ಮರಳಿನ ದೋಣಿ ಹಾದುಹೋದ ಗುರುವಾರ, ನಾನು ನೀರಿನ ಮೇಲೆ ಹಗ್ಗ ಜಗ್ಗುತ್ತಾ ಒದ್ದಾಡಿದ ದಿನ ಅಂದೆ. ಮುದುಕ ಬ್ರಷ್ಷು ಕೆಳಗಿಟ್ಟ.

"ಅಯ್ಯೋ, ಅದು ನೀನೇನಾ? ದೋಣಿ ಗಿರಗಿರ ತಿರುಗ್ತಾ ಇತ್ತು. ಏಣಿ ಮೇಲಿಂದ ಅದನ್ನೇ ನೋಡ್ತಾ ನೋಡ್ತಾ ಕಾಲು ಜಾರಿ ಬಿದ್ದೆ ಕಣಮ್ಮ! ಸೊಂಟ ಇನ್ನೂ ಹಿಡ್ಕೊಂಡಿದೆ. ಮೂರನೇ ಮನೆ. ಅದು ಮರೆಯೋ ಮಾತೇ ಅಲ್ಲ."

ಕ್ಷಮೆ ಕೇಳಿದೆ, ನಕ್ಕ. ನನಗೂ ನಗು ಬಂತು, ಜೊತೆಗೆ ಅಳುವೂ ಬಂತು. ನಾನು ಮರೆತಿರಲಿಲ್ಲ ಅಣ್ಣಾ. ಬರೆದದ್ದು ಸರಿಯಾಗಿತ್ತು, ಕಂಡದ್ದು ಸರಿಯಾಗಿತ್ತು. ಇಂದು ರಜೆ ಹಾಕಿ, ಮೂರನೇ ಮನೆಯ ಕಿಟಕಿಗೆ ಒಂದು ಕೆಂಪು ಟವೆಲು ಕಟ್ಟಿಸಿ, ಪಾತಾಳಗರಡಿ ಹಿಡಿದು ಹೊರಟಿದ್ದೇನೆ. ಬಂದು ಮುಂದುವರಿಸುತ್ತೇನೆ.

ಸಂಜೆ.

ಎರಡನೇ ಸಲಕ್ಕೇ ಸಿಕ್ಕಿತು. ಹಳೇ ಸರಪಳಿಯ ಕೆಳಗಿತ್ತು. ಹಿಂದಿನಿಂದ ಎಳೆದರೆ ಮಗುವಿನ ಹಾಗೆ ಬಂತು. ನಾನು ಸುತ್ತಿದ ಉಕ್ಕಿನ ತಂತಿ ಹಾಗೇ ಇದೆ. ಆದರೆ ನಿನ್ನ ಡಾಂಬರು ಬಣ್ಣ ಉಜ್ಜಿಕೊಂಡು ಎದ್ದುಹೋಗಿದೆ. ತೋಳಿನ ಮೇಲೆ ಉಳಿಯಿಂದ ಹೊಡೆದ ಮೂರು ಗೀರು.

ಅಪ್ಪನ ಗುರುತು. ಅಪ್ಪನ ಲಂಗರು. ಕೊಂಡಿ ಕಳಚಿ ತಳಕ್ಕೆ ಹೋಗಿತ್ತಲ್ಲ, ಅದೇ.

ಇದು ನಿನ್ನ ಹತ್ತಿರ ಹೇಗೆ ಬಂತು? ನನಗೆ ಯಾಕೆ ಕಳಿಸಿದೆ? ದೋಣಿಯಲ್ಲೇ ಇದನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದೆ, ಒಂದೇ ಉತ್ತರ ಹೊಳೆಯಿತು. ನಾನು ಮರೆತದ್ದನ್ನು ಮರೆಯದಿರಲಿ ಅಂತ. ಅಮ್ಮ ಹೇಳಿ ಕಳಿಸಿದಳಾ? "ತಂತಿ ನೋಡಿದೆಯಾ, ತೋಳು ಮುಟ್ಟಿ ನೋಡಿದೆಯಾ" ಅಂತ ಕೇಳಿದ್ದು ಇದಕ್ಕೇನಾ? ಎಂಟು ವರ್ಷದವಳು ಮಾಡಿದ ತಪ್ಪಿಗೆ ಇನ್ನೂ ಎಷ್ಟು ದಿನ ಅಣ್ಣಾ?

ಉತ್ತರ ಬೇಡ.

*

ಮೇ 11

ತಂಗೀ,

ಬೇಡ ಅಂದರೂ ಬರೆಯುತ್ತಿದ್ದೇನೆ. ಪೂರ್ತಿ ಓದು.

ಅಂದು ನನಗೆ ಹದಿನಾಲ್ಕು. ಡಬ್ಬಿಯೊಳಗೆ ಒಂದು ರೇಡಿಯೋ ಮಾಡುತ್ತಿದ್ದೆ, ನಿನಗೆ ಮುಟ್ಟಲು ಬಿಡುತ್ತಿರಲಿಲ್ಲ. ತಾಮ್ರದ ಸುರುಳಿ ಮುಗಿಯಲು ಒಂದು ಮೊಳ ತಂತಿ ಕಡಿಮೆ ಬಿತ್ತು. ಅಪ್ಪನ ತಂತಿಯ ಸುತ್ತು ಖಾಲಿಯಾಗಿತ್ತು. ದೋಣಿಗೆ ಹೋದೆ. ಲಂಗರಿನ ತಿರುಪಿಗೆ ನೀನು ಕೆಂಪು ತಂತಿ ಸುತ್ತಿದ್ದೆ, ಬಿಗಿಯಾಗಿ, ಪುಟ್ಟ ಪುಟ್ಟ ಸುತ್ತು, ತುದಿಯನ್ನು ಒಳಗೆ ಮಡಚಿ. ಬಿಚ್ಚಲು ನನಗೆ ಕಾಲು ಗಂಟೆ ಹಿಡಿಯಿತು. ನಾಳೆ ಬೇರೆ ತಂತಿ ತಂದು ಸುತ್ತಿದರಾಯಿತು ಅಂದುಕೊಂಡೆ. ಆ ಮಧ್ಯಾಹ್ನವೇ ಅಪ್ಪ ಹೊರಟ.

ರೇಡಿಯೋ ಕೆಲಸ ಮಾಡಿತು. ಯಾರೋ ಹಾಡುತ್ತಿದ್ದರು. ನಾನು ಕುಣಿದಾಡುತ್ತಿದ್ದಾಗ ಕಿಟಕಿ ಬಡಿಯಿತು, ಗಾಳಿ ಎದ್ದಿತ್ತು.

ಅಪ್ಪನನ್ನು ಹೊತ್ತು ತಂದಾಗ ಹೇಳಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನಿನ್ನ ಕಡೆ ತಿರುಗಿ, "ತಂತಿ ಸುತ್ತಿದ್ಯೇನೇ?" ಅಂದಳು. ನೀನು ಸುಮ್ಮನೆ ನಿಂತೆ. ನಾನೂ ಸುಮ್ಮನೆ ನಿಂತೆ. ನಾಳೆ ಹೇಳುತ್ತೇನೆ ಅಂದುಕೊಂಡೆ. ಆ ನಾಳೆ ಇಪ್ಪತ್ತೇಳು ವರ್ಷ ಆಯಿತು.

ಮರು ವರ್ಷ, ನೀರು ತೀರಾ ಇಳಿದಿದ್ದಾಗ, ಅಪ್ಪನ ನೇರಗಳನ್ನು ಹಿಡಿದು ಒಬ್ಬನೇ ಹೋಗಿ ಲಂಗರನ್ನು ಹುಡುಕಿ ತಂದೆ. ಅಂಗಡಿಯ ಅಟ್ಟದಲ್ಲಿ ಹಗ್ಗದ ರಾಶಿಯ ಹಿಂದೆ ಇಟ್ಟೆ. ಅಪ್ಪ ಸತ್ತ ಮೇಲೂ ಅಲ್ಲೇ ಇತ್ತು. ನೀನು ಲಂಗರು ಬೇಕು ಅಂತ ಬರೆದಾಗ ನೇಗಿಲು ಕಟ್ಟಿ ಇಟ್ಟವನು, ಲಾರಿ ಬಂದಾಗ ಅಟ್ಟ ಹತ್ತಿದೆ. ಕಳಿಸುವ ಧೈರ್ಯ ಬಂತು, ಗುರುತು ಸಿಗಲಿ ಅನ್ನುವ ಧೈರ್ಯ ಬರಲಿಲ್ಲ, ಅದಕ್ಕೆ ಬಣ್ಣ ಬಳಿದೆ. ಆಮೇಲೆ ಅದಕ್ಕೂ ನಾಚಿಕೆಯಾಗಿ ರೇಡಿಯೋ ಬಿಚ್ಚಿ ಆ ತಂತಿಯನ್ನೇ ಸುತ್ತಿದೆ. ನಿನ್ನ ಪೆನ್ಸಿಲ್ ಕಟ್ಟಿರುವುದು ನೀನೇ ಸುತ್ತಿದ್ದ ತಂತಿ.

ನೀನು ಸುತ್ತಿದ್ದೆ. ಮರೆತಿರಲಿಲ್ಲ.

ಅಣ್ಣ

*

ಜೂನ್ 9

ಏನು ಬರೆಯಬೇಕು ಅಂತ ಒಂದು ತಿಂಗಳು ಗೊತ್ತಾಗಲಿಲ್ಲ. ಮೂರು ಕಾಗದ ಬರೆದು ಹರಿದೆ. ಒಂದರಲ್ಲಿ ಬರೀ ಬೈಗುಳ ಇತ್ತು, ಒಂದರಲ್ಲಿ ಕ್ಷಮಿಸಿದ್ದೇನೆ ಅಂತ ಇತ್ತು. ಎರಡೂ ಸುಳ್ಳು ಅನ್ನಿಸಿತು.

ನನಗೆ ನಿನ್ನ ಮೇಲೆ ಕೆಂಡದಂಥ ಕೋಪ ಇದೆ. ರೇಡಿಯೋಗೆ ಅಲ್ಲ. ಹದಿನಾಲ್ಕರ ಹುಡುಗ ಹೆದರಿದ, ಒಪ್ಪಿದೆ. ಮೂವತ್ತರ ಗಂಡಸು ಯಾಕೆ ಹೆದರಿದ? ಅಪ್ಪ ಹಾಸಿಗೆ ಹಿಡಿದಾಗ ನಾನು ಬಂದಿದ್ದೆ. ಅವನ ಕಾಲು ಒತ್ತುತ್ತಾ, "ತಪ್ಪಾಯ್ತಪ್ಪ," ಅಂದೆ. ನೀನು ಬಾಗಿಲಲ್ಲಿ ನಿಂತಿದ್ದೆ. ಕೇಳಿಸಿಕೊಂಡೆ. ಅದಕ್ಕೆ ನನಗೆ ಕೋಪ.

ಇಷ್ಟು ಮಾಡು. ನಿನ್ನ ಮೇ ಹನ್ನೊಂದರ ಕಾಗದವನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ಅಮ್ಮನನ್ನು ಕೂರಿಸಿ ಗಟ್ಟಿಯಾಗಿ ಓದು. ಒಂದು ಸಾಲೂ ಬಿಡಬೇಡ. ಆಮೇಲೆ ನನಗೆ ಬರಿ.

*

ಜೂನ್ 20

ತಂಗೀ,

ಓದಿದೆ. ಅಂಗಡಿ ಬಾಗಿಲು ಹಾಕಿ, ಅಮ್ಮನನ್ನು ಗಲ್ಲಾದ ಹತ್ತಿರ ಕೂರಿಸಿ, ನಿಂತುಕೊಂಡು ಓದಿದೆ. ಎರಡು ಸಲ ಕಾಗದ ಕೆಳಗಿಟ್ಟೆ. "ನಿಲ್ಲಿಸಬೇಡ, ಓದು," ಅಂದಳು.

ಮುಗಿದ ಮೇಲೆ ನನಗೆ ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ವಾಸಿಯಿತ್ತು. ತನ್ನ ಎಡಗೈಯ ತೋರುಬೆರಳನ್ನೇ ನೋಡಿಕೊಂಡು ಕೂತಳು. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

"ಅವತ್ತು ಬೆಳಿಗ್ಗೆ ಅವಳ ಬೆರಳಿಂದ ರಕ್ತ ಬರ್ತಾ ಇತ್ತು. ತಂತಿ ತುದಿ ಚುಚ್ಚಿತು ಅಮ್ಮ ಅಂದ್ಲು. ನಾನೇ ಬಟ್ಟೆ ಹರಿದು ಕಟ್ಟಿದ್ದೆ ಕಣೋ. ಸಂಜೆ ಅದೇ ಬಟ್ಟೆ ಕಟ್ಟಿಕೊಂಡು ನನ್ನೆದುರಿಗೆ ನಿಂತಿದ್ಲು. ಸುತ್ತಿದ್ಯೇನೇ ಅಂತ ಕೇಳಿದೆ. ಬೆರಳು ಕಣ್ಣೆದುರಿಗೇ ಇತ್ತು. ನಾನು ನೋಡ್ಲಿಲ್ಲ."

ಆಮೇಲೆ ಎರಡು ದಿನ ಊಟ ಸರಿಯಾಗಿ ಮಾಡಿಲ್ಲ. ನಿನ್ನೆ ಅಂಗಡಿಗೆ ಬಂದು ಹೊಸ ತಂತಿಯ ಸುತ್ತು ತೆಗೆಸಿದಳು. ಅವಳಿಗೆ ಯಾವುದು ಬೇಕೋ ಕೇಳಿ ಕಳಿಸು ಅಂದಳು. ನಾನೇ ಬರ್ತೀನಿ ಅಂತ ಬರಿ ಅಂದಳು. ಕರೆದುಕೊಂಡು ಬರಲಾ? ನೀನು ಬೇಡ ಅಂದರೆ ಬಸ್ಸಿಗೆ ಹತ್ತಿಸಿ ನಾನು ಇಲ್ಲೇ ಉಳಿಯುತ್ತೇನೆ.

ಅಣ್ಣ

*

ಜೂನ್ 30

ಅಣ್ಣಾ,

ಎಡಗೈ ತೋರುಬೆರಳಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಲೆ ಇದೆ. ಪ್ರಯೋಗಾಲಯದ ಗಾಜು ತಾಗಿದ್ದಿರಬೇಕು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಅಮ್ಮನ ಮಾತು ಓದಿದ ಮೇಲೆ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾ ಕೂತೆ. ಆದರೂ ಆ ಬೆಳಿಗ್ಗೆ ನೆನಪಾಗಲಿಲ್ಲ. ಪರವಾಗಿಲ್ಲ, ಬೆರಳಿಗೆ ನೆನಪಿದೆ.

ಅಮ್ಮ ಬರಲಿ. ಒಬ್ಬಳನ್ನೇ ಬಸ್ಸಿಗೆ ಹತ್ತಿಸಬೇಡ, ನೀನೂ ಬಾ. ಕೋಪ ಇಳಿದಿದೆ ಅಂತ ಅಲ್ಲ. ಎದುರಿಗೆ ಕೂರಿಸಿಕೊಂಡು ಬೈಯಬೇಕು, ಕಾಗದದಲ್ಲಿ ಸಾಲುತ್ತಿಲ್ಲ.

ಉಪ್ಪಿನ ಲೆಕ್ಕ ಸರಿಹೋಯಿತು. ಏಳು ಮನೆಯ ಕಥೆ ಹೇಳಿದಾಗ ಮೇಲಧಿಕಾರಿ ಕನ್ನಡಕ ತೆಗೆದವರು ಮತ್ತೆ ಹಾಕಿಕೊಳ್ಳಲೇ ಇಲ್ಲ, ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಬಣ್ಣದ ಮುದುಕ ಏಳನೆಯದನ್ನೂ ಮುಗಿಸಿದ್ದಾನೆ. ಈಗ ಸಾಲಿನಲ್ಲಿ ಬಿಳಿ ಮನೆಯೇ ಇಲ್ಲ. ನಾನು ಹೊಸ ಗುರುತು ಹಿಡಿದಿದ್ದೇನೆ.

ಅಪ್ಪನ ಲಂಗರನ್ನೇ ಇಟ್ಟುಕೊಂಡಿದ್ದೇನೆ. ಕೆಸರಿಗೆ ಅದು ಆಗದು ಅಂತ ನೀನು ಹೇಳಿದ್ದು ತಪ್ಪು, ಚೆನ್ನಾಗಿಯೇ ಹಿಡಿಯುತ್ತದೆ. ಇವತ್ತು ಗುರುವಾರ. ಕೊಂಡಿಯ ತಿರುಪಿಗೆ ತಂತಿ ಸುತ್ತಿದೆ, ಪುಟ್ಟ ಪುಟ್ಟ ಸುತ್ತು, ತುದಿ ಒಳಗೆ ಮಡಚಿ. ಹೋಗಿ ನೀರು ತುಂಬಿಕೊಂಡು ಬಂದೆ. ದೋಣಿ ಕಟ್ಟಿದೆ, ಪ್ರಯೋಗಾಲಯಕ್ಕೆ ಬೀಗ ಹಾಕಿದೆ, ಮನೆಗೆ ಬಂದೆ.

ವಾಪಸು ಹೋಗಿ ನೋಡಲಿಲ್ಲ.

ಮೊಂಡಿ